ಗಾಳಿಯೇ ಎಂಜಿನ್: ರಿಮೋಟ್ ಹಾಯಿದೋಣಿಯ ಮೊದಲ ಪಾಠ

ರಿಮೋಟ್ ಹಾಯಿದೋಣಿಯನ್ನು ಮುಂದೆ ತಳ್ಳುವ ಮೋಟಾರು ಅದರಲ್ಲಿ ಇರುವುದಿಲ್ಲ. ಒಳಗೆ ಎರಡು ಪುಟ್ಟ ಸರ್ವೊಗಳಿರುತ್ತವೆ. ಒಂದು ಚುಕ್ಕಾಣಿ ತಿರುಗಿಸುತ್ತದೆ, ಇನ್ನೊಂದು ಹಾಯಿಯ ಹಗ್ಗವನ್ನು ಎಳೆದು ಬಿಡುತ್ತದೆ. ಉಳಿದದ್ದೆಲ್ಲ ಗಾಳಿಯ ಕೆಲಸ. ರಿಮೋಟಿನ ಕಡ್ಡಿಗಳು ಬೇಗ ಕೈಗೆ ಹತ್ತುತ್ತವೆ. ಗಾಳಿಯ ನಡೆ ತಿಳಿಯುವುದಕ್ಕೇ ಕಾಲ ಬೇಕು. ಅದೇ ಈ ಹವ್ಯಾಸದ ಸೊಗಸು.

ಮೊದಲ ದೋಣಿಯಾಗಿ ಡ್ರಾಗನ್‌ಫೋರ್ಸ್ 65 ಒಳ್ಳೆಯ ಆಯ್ಕೆ. ಉದ್ದ 65 ಸೆಂಟಿಮೀಟರ್, ಕಾರಿನ ಹಿಂದಿನ ಸೀಟಿನಲ್ಲಿ ಹಿಡಿಸುತ್ತದೆ. ಎಲ್ಲರದೂ ಒಂದೇ ಅಚ್ಚಿನ ದೋಣಿಯಾದ್ದರಿಂದ ಸೋಲು ಗೆಲುವು ದುಡ್ಡಿನ ಮೇಲಲ್ಲ, ಓಡಿಸುವವರ ಮೇಲೆ ನಿಂತಿರುತ್ತದೆ. ಪಳಗಿದವರು ಇಂಟರ್‌ನ್ಯಾಷನಲ್ ಒನ್ ಮೀಟರ್ ಕಡೆಗೆ ಹೋಗುತ್ತಾರೆ. ಅದರ ಒಡಲು ಒಂದು ಮೀಟರ್ ಮೀರುವಂತಿಲ್ಲ, ತೂಕ 4 ಕಿಲೋಗಿಂತ ಕಡಿಮೆ ಇರುವಂತಿಲ್ಲ. ಆ ತೂಕದ ಅರ್ಧಕ್ಕೂ ಹೆಚ್ಚು ನೀರಿನೊಳಗಿನ ಕೀಲ್ ಮತ್ತು ಅದರ ತುದಿಯ ಸೀಸದ ಗುಂಡಿನದೇ. ಏನೇ ಕೊಳ್ಳುವ ಮುನ್ನ ಹತ್ತಿರದ ಕೆರೆಯಲ್ಲಿ ಉಳಿದವರು ಯಾವುದನ್ನು ಓಡಿಸುತ್ತಾರೆಂದು ನೋಡಿ. ಒಬ್ಬರೇ ಓಡಿಸುವ ದೋಣಿ ಬೇಗ ಅಟ್ಟ ಸೇರುತ್ತದೆ.

ಈ ಕೀಲ್ ಎರಡು ಕೆಲಸ ಮಾಡುತ್ತದೆ. ಗಾಳಿ ಹಾಯಿಯನ್ನು ಒತ್ತಿ ದೋಣಿಯನ್ನು ವಾಲಿಸಿದಾಗ ಸೀಸದ ಭಾರ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ದೋಣಿ ಪಕ್ಕಕ್ಕೆ ಜಾರದಂತೆ ಕೀಲಿನ ಅಲಗು ನೀರನ್ನು ಹಿಡಿಯುತ್ತದೆ. ಹೀಗಾಗಿ ಗಾಳಿಯ ಒತ್ತಡ ಮುನ್ನಡೆಯಾಗಿ ತಿರುಗುತ್ತದೆ. ಆದರೂ ನೇರ ಎದುರುಗಾಳಿಗೆ ಯಾವ ದೋಣಿಯೂ ಹೋಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಘಟ್ಟದ ರಸ್ತೆಯಂತೆ ಅಂಕುಡೊಂಕಾಗಿ ಏರಬೇಕು. ಈ ಹೊರಳಿಗೆ ಟ್ಯಾಕ್ ಎನ್ನುತ್ತಾರೆ. ವೇಗ ಕುಂದಿದ್ದಾಗ ಟ್ಯಾಕ್ ಮಾಡಹೊರಟರೆ ದೋಣಿ ನಡುವೆಯೇ ನಿಂತುಬಿಡುತ್ತದೆ. ಮೊದಲು ಓಟ ಕೂಡಿಸಿಕೊಂಡು ಆಮೇಲೆ ತಿರುಗಿಸಿ.

ಹಾಯಿಯ ಸೂತ್ರ ಸರಳ. ಅದು ಪಟಪಟನೆ ಬಡಿದುಕೊಳ್ಳುವ ತನಕ ಸಡಿಲ ಬಿಡಿ, ಬಡಿತ ನಿಲ್ಲುವಷ್ಟು ಮಾತ್ರ ಎಳೆದುಕೊಳ್ಳಿ. ಹೊಸಬರು ಸಾಮಾನ್ಯವಾಗಿ ಬಿಗಿಯಾಗಿ ಎಳೆದೇ ಇಟ್ಟಿರುತ್ತಾರೆ, ದೋಣಿ ವಾಲುತ್ತದೆಯೇ ಹೊರತು ಓಡುವುದಿಲ್ಲ. ಎದುರುಗಾಳಿಗೆ ಏರುವಾಗ ಹಾಯಿ ಒಳಗೆ, ಗಾಳಿ ಬೆನ್ನಿಗಿರುವಾಗ ಪೂರ್ತಿ ಹೊರಗೆ. ಬೆನ್ನುಗಾಳಿಗೆ ಮೂತಿ ಮತ್ತೆ ಮತ್ತೆ ನೀರಿನಡಿ ಹೋಗುತ್ತಿದ್ದರೆ ಗಾಳಿ ಜಾಸ್ತಿಯಾಗಿದೆ, ಚಿಕ್ಕ ಹಾಯಿ ಕಟ್ಟಿ.

ದೋಣಿ ನಿಮ್ಮತ್ತ ಬರುವಾಗ ಎಡ ಬಲ ಅದಲುಬದಲಾದಂತೆ ಕಾಣುತ್ತದೆ. ದೋಣಿ ಹೋಗುವ ದಿಕ್ಕಿಗೇ ನೀವೂ ಮೈ ತಿರುಗಿಸಿ ನಿಂತು ಹೆಗಲ ಮೇಲಿಂದ ನೋಡಿದರೆ ಗೊಂದಲ ಕರಗುತ್ತದೆ. ಇದನ್ನು ರೂಢಿಸಿಕೊಂಡ ಮೇಲೇ ಪಂದ್ಯಕ್ಕೆ ಇಳಿಯಿರಿ. ಅಲ್ಲಿ ನಿಯಮಗಳು ನಿಜ ಹಾಯಿದೋಣಿಗಳವೇ: ಎಡಬದಿಯಿಂದ ಗಾಳಿ ಪಡೆಯುವ ದೋಣಿ, ಬಲಬದಿಯಿಂದ ಪಡೆಯುವ ದೋಣಿಗೆ ದಾರಿ ಬಿಡಬೇಕು.

ನೀರಿನ ಆಯ್ಕೆಯಲ್ಲಿ ರಾಜಿ ಬೇಡ. ಕೀಲ್ ನೆಲ ಮುಟ್ಟದಷ್ಟು ಆಳ, ಕಳೆ ಇಲ್ಲದ ತಳ, ಮರ ಕಟ್ಟಡಗಳು ಗಾಳಿಗೆ ಅಡ್ಡ ಬಾರದ ದಡ ಬೇಕು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕನ್ಸರ್ವೇಟರಿ ವಾಟರ್, ಲಂಡನ್ನಿನ ಕೆನ್ಸಿಂಗ್ಟನ್ ಉದ್ಯಾನದ ರೌಂಡ್ ಪಾಂಡ್ ಮಾದರಿ ದೋಣಿಗಳಿಗೆ ಹಿಂದಿನಿಂದಲೂ ಹೆಸರಾದ ಕೊಳಗಳು. ಆ ಊರುಗಳಲ್ಲಿರುವ ಕನ್ನಡಿಗರು ಒಂದು ರಜೆಯ ದಿನ ದಡದಲ್ಲಿ ನಿಂತು ನೋಡಿದರೂ ಬಹಳ ತಿಳಿಯುತ್ತದೆ.

ಮೊದಲು ರಿಮೋಟ್, ಆಮೇಲೆ ದೋಣಿಯ ಸ್ವಿಚ್ ಹಾಕಿ, ಆರಿಸುವಾಗ ತಿರುಗುಮುರುಗು. ರಿಮೋಟಿನ 2.4 ಗಿಗಾಹರ್ಟ್ಸ್ ಅಲೆಗಳು ನೀರಿನೊಳಗೆ ಹಾಯುವುದಿಲ್ಲ, ಆದ್ದರಿಂದ ರಿಸೀವರಿನ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲಿರಲಿ. ಮುಚ್ಚಳದ ಅಂಚಿಗೆ ಟೇಪ್ ಅಂಟಿಸಿ. ಗಾಳಿ ಸತ್ತು ದೋಣಿ ನಡುನೀರಿನಲ್ಲಿ ನಿಂತರೆ ಈಜಿ ತರಲು ಹೋಗಬೇಡಿ, ಅದು ತೇಲುತ್ತ ಯಾವುದಾದರೂ ದಡಕ್ಕೆ ಬಂದೇ ಬರುತ್ತದೆ. ಮನೆಗೆ ಬಂದ ಮೇಲೆ ಮುಚ್ಚಳ ತೆಗೆದು ಒಳಗನ್ನು ರಾತ್ರಿಯಿಡೀ ಒಣಗಲು ಬಿಡಿ. ಉಪ್ಪುನೀರಿನಲ್ಲಿ ಓಡಿಸಿದ್ದರೆ ಅದಕ್ಕೂ ಮೊದಲು ಹೊರಮೈಯನ್ನು ಸಿಹಿನೀರಿನಿಂದ ತೊಳೆಯಿರಿ.