ಭೂಮಾಪನದಲ್ಲಿ ದೋಷವಿವೇಕ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಫಲವನ್ನು ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ವಿಂಗಡಿಸಿರುವನು. ಚತುರ್ಭುಜದ ಎದುರುಬದುರು ಭುಜಗಳನ್ನು ಕೂಡಿ, ಅರ್ಧಿಸಿ, ಗುಣಿಸಿದರೆ ಬರುವುದು ವ್ಯಾವಹಾರಿಕ ಫಲ. ಈ ಭೇದವು ಸೂತ್ರಕ್ಕೆ ಸಂಬಂಧಪಟ್ಟುದು. ಸೂತ್ರವೆಷ್ಟೇ ಸೂಕ್ಷ್ಮವಾಗಿರಲಿ, ಭುಜಗಳ ಅಳತೆಯೇ ದುಷ್ಟವಾಗಿದ್ದರೆ ಫಲವು ಶುದ್ಧವಾಗಲಾರದು. ಅಳತೆಯ ದೋಷಗಳಾದರೋ ಒಂದೇ ಜಾತಿಯವಲ್ಲ. ಅವುಗಳ ವಿವೇಕವಿಲ್ಲದೆ ದಾನಶಾಸನಗಳ ಭೂಪ್ರಮಾಣವನ್ನು ಎಕರೆಗಳಿಗೆ ಇಳಿಸಹೊರಟವರು ಎಡವುವುದುಂಟು.

ಮೊದಲನೆಯದು ಪ್ರಮಾದ: ಒಂಬತ್ತನ್ನು ಆರೆಂದು ಬರೆಯುವುದು, ಎಣಿಕೆಯಲ್ಲಿ ಒಂದು ಸರಪಳಿಯನ್ನು ಬಿಡುವುದು. ಇದು ಲಿಪಿಕಾರನ ಸ್ಖಾಲಿತ್ಯದಂತೆಯೇ, ಮರುಪರಿಶೀಲನೆಯಿಂದ ಹೊರಬೀಳುತ್ತದೆ. ಹೆಚ್ಚು ಹೇಳಬೇಕಾದುದಿಲ್ಲ.

ಎರಡನೆಯದು ಯಾದೃಚ್ಛಿಕ ದೋಷ. ಗುರುತು ಒಮ್ಮೆ ಕೂದಲೆಳೆಯಷ್ಟು ಮುಂದೆ, ಒಮ್ಮೆ ಹಿಂದೆ ಬೀಳುವುದು. ಮೂರನೆಯದು ನಿಯತದೋಷ, ಸರಪಳಿಯ ಕೊಂಡಿಗಳು ಸವೆದು ಅದು ಉದ್ದವಾದಾಗ ಪ್ರತಿ ಸಲವೂ ಒಂದೇ ಕಡೆಗೆ ಬೀಳುವ ತಪ್ಪು. ಇವೆರಡರ ಅಂತರವನ್ನು ಲೆಕ್ಕವೇ ತೋರಿಸುತ್ತದೆ. ಕರ್ನಾಟಕದ ಭೂಮಾಪನದ ಸರಪಳಿ 33 ಅಡಿ, ಅಂದರೆ 16 ಆಣೆ. ಅದರ ವರ್ಗವೇ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಮೈಲಿಗೆ 160 ಸರಪಳಿ. ಸರಪಳಿಗೆ ಅರ್ಧ ಅಂಗುಲದ ನಿಯತದೋಷವಿದ್ದರೆ ಮೈಲಿಗೆ 80 ಅಂಗುಲ ಕೂಡುವುದು. ಅದೇ ಅರ್ಧ ಅಂಗುಲ ಯಾದೃಚ್ಛಿಕವಾಗಿದ್ದರೆ, ಹೆಚ್ಚುಕಡಮೆಗಳು ಒಂದನ್ನೊಂದು ಬಹುಮಟ್ಟಿಗೆ ನುಂಗಿ, 160ರ ವರ್ಗಮೂಲದ ಪ್ರಮಾಣದಲ್ಲಿ ಸುಮಾರು ಆರೂಕಾಲು ಅಂಗುಲ ಮಾತ್ರ ನಿಲ್ಲುವುದು.

ಕ್ಷೇತ್ರಫಲದಲ್ಲಿ ನಿಯತದೋಷವು ಇಮ್ಮಡಿಸುತ್ತದೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟಿತವಾದ ಹೆಲಿಕಾಪ್ಟರ್ ಕಾರ್ಖಾನೆಯ ನೆಲ 615 ಎಕರೆ. (ಕಾವಲ್ ಎಂದರೆ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲು, ಹೆಸರು ಉಳಿದಿದೆ.) ಕೇವಲ ಉದಾಹರಣೆಗಾಗಿ, ಇಷ್ಟು ನೆಲವನ್ನು ಒಂದಂಗುಲ ಹಿಗ್ಗಿದ ಸರಪಳಿಯಿಂದ ಅಳೆದು 615 ಎಂದು ಬರೆದರೆನ್ನೋಣ. ನಿಜವಾದ ನೆಲ ಅದಕ್ಕಿಂತ ಮೂರು ಎಕರೆ ನಾಲ್ಕು ಗುಂಟೆಯಷ್ಟು ಹೆಚ್ಚಾಗಿರುವುದು. ಒಂದು ರೈತಕುಟುಂಬ ಬದುಕುವಷ್ಟು ಭೂಮಿ ಒಂದಂಗುಲದಲ್ಲಿ ಅಡಗಿತು! ಅದೇ ಸರಪಳಿಯಿಂದ ಹತ್ತು ಸಲ ಅಳೆದರೂ ಅದು ಕಾಣಿಸಿಕೊಳ್ಳದು. ಹತ್ತು ಸಲವೂ ಲೆಕ್ಕ ಹೊಂದುವುದರಿಂದ ನಂಬಿಕೆ ಮಾತ್ರ ಬಲಿಯುವುದು. ಇಳಿಜಾರಿನ ಮೇಲೆಯೇ ಅಳೆಯುವುದು, ಸರಪಳಿ ಜೋಲುವುದು, ಸಾಲು ತಪ್ಪಿ ನಡೆಯುವುದು, ಇವು ಮೂರೂ ಅಳತೆಯನ್ನು ನಿಜಕ್ಕಿಂತ ಹೆಚ್ಚಾಗಿಯೇ ತೋರಿಸುತ್ತವೆ.

ಬಿಸಿಲೂ ಹೀಗೆಯೇ. ನೂರಡಿಯ ಉಕ್ಕಿನ ಸರಪಳಿ 20 ಡಿಗ್ರಿ ಫಾರನ್‌ಹೀಟ್ ಹೆಚ್ಚು ಕಾದರೆ ಸುಮಾರು ಅಂಗುಲದ ಆರನೆಯ ಒಂದು ಭಾಗ ಬೆಳೆಯುತ್ತದೆ. ಏಳೂವರೆ ಮೈಲಿಗೆ ಐದಡಿ. ವಿಲಿಯಂ ಲ್ಯಾಂಬ್ಟನ್ನನು ಸರಪಳಿಯನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟುದು ಇದಕ್ಕಾಗಿಯೇ. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನಳೆದು, ಅಲ್ಲಿಂದ ತ್ರಿಕೋನಗಳ ಸರಣಿಯನ್ನು ಬೆಂಗಳೂರಿಗೆ ತರಲಾಯಿತು. 1804ರಲ್ಲಿ ವಾರನ್ನನು ಬೆಂಗಳೂರಿನ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ನೆಲದ ಮೇಲೆ ಅಳೆದಾಗ, ತ್ರಿಕೋನಗಣಿತದಿಂದ ಬಂದ ಉದ್ದಕ್ಕೂ ಅದಕ್ಕೂ ಇದ್ದ ಅಂತರ ನಾಲ್ಕು ಅಂಗುಲಕ್ಕೂ ಕಡಮೆ. ಬೇರೆ ದಾರಿಯಿಂದ ಬಂದ ಎರಡನೆಯ ಸಾಕ್ಷಿಯೇ ನಿಯತದೋಷಕ್ಕೆ ಪರೀಕ್ಷೆ. ಉಪಗ್ರಹಗಳ ನೆರವಿನ ಇಂದಿನ ಉಪಕರಣಗಳಿಗೂ ಈ ನಿಯಮ ತಪ್ಪಿದ್ದಲ್ಲ.

ಶಾಸನಗಳಿಗೆ ಬಂದರೆ, ಅಲ್ಲಿ ಮತ್ತರನ್ನು ಅಳೆದ ಗಳೆಯನ್ನು ಹೆಸರಿಸುವ ವಾಡಿಕೆಯುಂಟು. ಬಳ್ಳಿಗಾವೆಯ ಶಾಸನಗಳಲ್ಲಿ ಭೇರುಂಡ ಗಳೆ ಪ್ರಸಿದ್ಧ. ಕೆಲವು ಶಾಸನಗಳು ಗಳೆ ಎಷ್ಟು ಗೇಣಿನದೆಂಬುದನ್ನೂ ಹೇಳುತ್ತವೆ. ಗಳೆಯ ಹೆಸರನ್ನು ವರ್ಣನೆಯ ಶಬ್ದವೆಂದು ಬಿಟ್ಟು, ಮತ್ತರಿನ ಸಂಖ್ಯೆಯನ್ನು ಮಾತ್ರ ಎತ್ತಿಕೊಂಡು ಎಲ್ಲೆಡೆಯೂ ಒಂದೇ ಎಕರೆಪ್ರಮಾಣವನ್ನು ಹಚ್ಚುವ ಪದ್ಧತಿ ಯುಕ್ತವಲ್ಲ. ಗಳೆ ಹತ್ತರಲ್ಲೊಂದು ಪಾಲು ಉದ್ದವಾದರೆ ಮತ್ತರು ನೂರಕ್ಕೆ ಇಪ್ಪತ್ತೊಂದು ಪಾಲು ಹಿಗ್ಗುವುದು. ಎರಡು ಊರುಗಳ ದತ್ತಿಗಳನ್ನು ಹೋಲಿಸುವಲ್ಲಿ ಇಷ್ಟು ಅಂತರವು, ಯಾವ ದೇಗುಲ ಸಿರಿವಂತವಾಗಿತ್ತೆಂಬ ತೀರ್ಮಾನವನ್ನೇ ತಲೆಕೆಳಗು ಮಾಡಬಲ್ಲದು.