ನಿಮಗಿದು ಗೊತ್ತೇ? ಹೊಳೆಗೆ ಅಂಕ ಕೊಡುವ ಹುಳುಗಳು, ಮಳೆನೀರು ಎಳೆದ ಗಡಿಗಳು

ನ್ಯೂಜಿಲೆಂಡ್‌ನಲ್ಲಿ ನದಿ, ಮಣ್ಣು, ಗಾಳಿ, ಕರಾವಳಿಗಳನ್ನು ನೋಡಿಕೊಳ್ಳಲೆಂದೇ ಪ್ರಾದೇಶಿಕ ಮಂಡಳಿಗಳಿವೆ. ಹೊಳೆಗೆ ಹೊಲಸು ಬಿಟ್ಟವರ ಮೇಲೆ ಕ್ರಮ ಕೈಗೊಳ್ಳುವವರೂ ಇವರೇ, ಶಾಲೆಮಕ್ಕಳನ್ನು ಹೊಳೆಗಿಳಿಸಿ ನೀರು ಪರೀಕ್ಷಿಸಲು ಕಲಿಸುವವರೂ ಇವರೇ. ಎರಡನೆಯ ಕೆಲಸ ನಡೆಯದೆ ಮೊದಲನೆಯದು ಉಳಿಯುವುದಿಲ್ಲ. ಹೇಗೆಂದು ನೋಡಿ.

• ಈ ಮಂಡಳಿಗಳ ಗಡಿಗಳನ್ನು ಬಹುಮಟ್ಟಿಗೆ ಎಳೆದದ್ದು ಮಳೆನೀರು! 1989ರಲ್ಲಿ ಸ್ಥಳೀಯ ಆಡಳಿತವನ್ನು ಹೊಸದಾಗಿ ಕಟ್ಟಿದಾಗ ನದಿಗಳ ಜಲಾನಯನ ಪ್ರದೇಶಗಳನ್ನೇ ಆಧಾರವಾಗಿಟ್ಟುಕೊಂಡರು. ಹಾಗಾಗಿ ನದಿ ಹುಟ್ಟುವ ಬೆಟ್ಟವೂ ಅದು ಕಡಲು ಸೇರುವ ಅಳಿವೆಯೂ ಸಾಮಾನ್ಯವಾಗಿ ಒಂದೇ ಮಂಡಳಿಗೆ ಸೇರಿರುತ್ತವೆ.

• ದೇಶದಲ್ಲಿ ಇಂಥ 11 ಮಂಡಳಿಗಳಿವೆ. ಆಕ್ಲೆಂಡ್, ನೆಲ್ಸನ್, ಗಿಸ್‌ಬೋರ್ನ್ ಮೊದಲಾದ ಕಡೆ ಊರಿನ ಆಡಳಿತವೇ ಈ ಹೊಣೆಯನ್ನೂ ಹೊತ್ತಿದೆ.

• ಪ್ರಾದೇಶಿಕ ಮಂಡಳಿಗಳ ಮೂಲ 1941ರ ಮಣ್ಣು ಸಂರಕ್ಷಣೆ ಮತ್ತು ನದಿ ನಿಯಂತ್ರಣ ಕಾಯ್ದೆಯಲ್ಲಿದೆ. ಕಾಡು ಕಡಿದು ಹುಲ್ಲುಗಾವಲು ಮಾಡಿದ ಗುಡ್ಡಗಳು ಜರಿದು, ಹೂಳು ತುಂಬಿದ ನದಿಗಳು ಊರೊಳಗೆ ನುಗ್ಗತೊಡಗಿದ ಮೇಲೆ ಬಂದ ಕಾನೂನು ಅದು.

• 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆಯ ಪ್ರಕಾರ ನದಿಯಿಂದ ದೊಡ್ಡ ಪ್ರಮಾಣದಲ್ಲಿ ನೀರೆತ್ತಲು, ಅದಕ್ಕೆ ತ್ಯಾಜ್ಯನೀರು ಬಿಡಲು ಕೊಡುವ ಅನುಮತಿಯ ಗರಿಷ್ಠ ಅವಧಿ 35 ವರ್ಷ. ಯಾರಿಗೂ ಶಾಶ್ವತ ಹಕ್ಕಿಲ್ಲ.

• ಹೊಳೆಯ ಆರೋಗ್ಯಕ್ಕೆ ಅಂಕ ಕೊಡುವವು ಅದರ ಕಲ್ಲಡಿಯ ಹುಳುಗಳು. ವಿಜ್ಞಾನಿ ಜಾನ್ ಸ್ಟಾರ್ಕ್ 1985ರಲ್ಲಿ, ತಾರಾನಾಕಿ ಪ್ರದೇಶದ ಕಲ್ಲುಹೊಳೆಗಳನ್ನು ಅಧ್ಯಯನ ಮಾಡಿ ಇಂಥದೊಂದು ಸೂಚ್ಯಂಕ ರೂಪಿಸಿದರು. ಮೇಫ್ಲೈ, ಸ್ಟೋನ್‌ಫ್ಲೈಗಳ ಮರಿಗಳು ಶುದ್ಧ ನೀರಿಲ್ಲದೆ ಬದುಕಲಾರವು, ಅವುಗಳಿಗೆ ಹೆಚ್ಚು ಅಂಕ. ಕೊಳಕಿನಲ್ಲೂ ಬದುಕುವ ಹುಳ, ಬಸವನಹುಳುಗಳಿಗೆ ಕಡಿಮೆ. ಸೂಚ್ಯಂಕ 120 ದಾಟಿದರೆ ಹೊಳೆ ಅತ್ಯುತ್ತಮ, 80ಕ್ಕಿಂತ ಕೆಳಗಿಳಿದರೆ ಹದಗೆಟ್ಟಿದೆ ಎಂದರ್ಥ. ನೀರಿನ ಮಾದರಿ ಆ ಕ್ಷಣದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಹುಳುಗಳು ಹಿಂದಿನ ಹಲವು ತಿಂಗಳ ಕಥೆಯನ್ನು ಹೇಳುತ್ತವೆ.

• ಗುಡ್ಡ ಜರಿಯುವುದನ್ನು ತಡೆಯಲು ಮಂಡಳಿಗಳು ರೈತರಿಗೆ ಒದಗಿಸುವುದು ಪಾಪ್ಲರ್ ಮತ್ತು ವಿಲ್ಲೋ ಮರಗಳ ಗೂಟಗಳನ್ನು. ಸುಮಾರು ಮೂರು ಮೀಟರ್ ಉದ್ದದ ಹಸಿ ಗೂಟವನ್ನು ನೆಲಕ್ಕೆ ಹೂತರೆ ಅಲ್ಲೇ ಬೇರು ಬಿಡುತ್ತದೆ. ಚಿಗುರು ದನಕುರಿಗಳ ಬಾಯಿಗೆ ಎಟುಕದಷ್ಟು ಮೇಲಿರುವುದರಿಂದ ಮೇವೂ ಉಳಿಯುತ್ತದೆ, ಮರವೂ ಬೆಳೆಯುತ್ತದೆ.

• ತಾರಾನಾಕಿಯಲ್ಲಿ ಹೊಳೆದಂಡೆಗೆ ಬೇಲಿ ಹಾಕಿ ಗಿಡ ನೆಡುವ ಯೋಜನೆಯನ್ನು ಮಂಡಳಿಯೇ ಪ್ರತಿ ರೈತನಿಗೆ ಉಚಿತವಾಗಿ ಬರೆದುಕೊಡುತ್ತದೆ, ಗಿಡಗಳನ್ನು ಅಸಲು ಬೆಲೆಗೆ ಕೊಡುತ್ತದೆ. 1990ರ ದಶಕದಿಂದ ಅಲ್ಲಿ ಹೀಗೆ ಲಕ್ಷಾಂತರ ಗಿಡಗಳು ನೆಲೆಯೂರಿವೆ.

• ಇನಂಗಾ ಎಂಬ ಪುಟ್ಟ ಮೀನು ಮೊಟ್ಟೆಯಿಡುವುದು ಹುಲ್ಲಿನಲ್ಲಿ! ದೊಡ್ಡ ಉಬ್ಬರದ ದಿನ ಅಳಿವೆಯ ನೀರು ದಂಡೆಯ ಹುಲ್ಲನ್ನು ಮುಳುಗಿಸಿದಾಗ ಬಂದು ಮೊಟ್ಟೆಯಿಟ್ಟು ಹೋಗುತ್ತದೆ. ನೀರಿಳಿದ ಮೇಲೆ ಮೊಟ್ಟೆಗಳು ಹುಲ್ಲಿನ ಬುಡದ ತೇವದಲ್ಲಿ ವಾರಗಟ್ಟಲೆ ಕಾದು, ಮತ್ತೊಂದು ದೊಡ್ಡ ಉಬ್ಬರ ಬಂದಾಗ ಒಡೆಯುತ್ತವೆ. ಅಷ್ಟರಲ್ಲಿ ದನ ತುಳಿದರೆ, ಹುಲ್ಲು ಕತ್ತರಿಸಿದರೆ ಎಲ್ಲ ಮುಗಿಯಿತು. ಹುಲ್ಲಿಲ್ಲದ ದಂಡೆಗಳಲ್ಲಿ ಒಣಹುಲ್ಲಿನ ಪಿಂಡಿಗಳನ್ನಿಟ್ಟು ಮೀನುಗಳಿಗೆ ಜಾಗ ಮಾಡಿಕೊಡುವ ಕೆಲಸಕ್ಕೆ ಶಾಲೆಮಕ್ಕಳೂ ಕೈಜೋಡಿಸುತ್ತಾರೆ.

• ರಸ್ತೆಯಡಿಯ ಮೋರಿಗಳಿಂದ ಮೀನುಗಳ ದಾರಿ ಕಟ್ಟಾಗುತ್ತದೆ. ಅದಕ್ಕೊಂದು ಅಗ್ಗದ ಉಪಾಯ ಸಿಕ್ಕಿದೆ: ಕಡಲ ಚಿಪ್ಪು ಸಾಕಣೆಯಲ್ಲಿ ಬಳಸುವ ಎಳೆಎಳೆಯಾದ ಹಗ್ಗವನ್ನು ಮೋರಿಯೊಳಗೆ ಇಳಿಬಿಟ್ಟರೆ ಮರಿಮೀನುಗಳು ಅದರ ಆಸರೆಯಲ್ಲಿ ಮೇಲೇರುತ್ತವೆ.

• ಟೌಪೊ ನ್ಯೂಜಿಲೆಂಡ್‌ನ ಅತಿ ದೊಡ್ಡ ಸರೋವರ, ವಿಸ್ತಾರ 616 ಚದರ ಕಿಲೋಮೀಟರ್. ಸುತ್ತಲಿನ ಹುಲ್ಲುಗಾವಲುಗಳ ದನಗಳ ಗಂಜಲದಿಂದ ಸಾರಜನಕ ನೆಲಕ್ಕಿಳಿದು, ಅಂತರ್ಜಲದ ಮೂಲಕ ದಶಕಗಳ ನಂತರ ಸರೋವರ ಸೇರುತ್ತದೆ. ಅಂದರೆ ಇಂದು ನೀರು ತಿಳಿಯಾಗಿ ಕಂಡರೂ ನಾಳಿನ ಕೊಳೆ ಆಗಲೇ ಹೊರಟಿರುತ್ತದೆ. ಇದನ್ನರಿತ ವೈಕಾಟೊ ಮಂಡಳಿ ಪ್ರತಿ ಜಮೀನಿಗೂ ಸಾರಜನಕದ ಮಿತಿ ಹಾಕಿತು. ಮಿತಿಗಿಂತ ಕಡಿಮೆ ಬಿಡುವ ರೈತ ಉಳಿಸಿದ ಪಾಲನ್ನು ಮಾರಬಹುದು. ಒಟ್ಟು ಹೊರೆಯನ್ನು ಶೇ. 20ರಷ್ಟು ಇಳಿಸಲು ಸಾರ್ವಜನಿಕ ಹಣದ ಟ್ರಸ್ಟ್ ಒಂದು ಆ ಪಾಲನ್ನು ಕೊಂಡು ರದ್ದುಮಾಡಿತು.

• ರೊಟೊರುವಾ ಸರೋವರದ ಕೆಟ್ಟ ನೀರು ಪಕ್ಕದ ರೊಟೊಇಟಿಗೆ ಹರಡದಂತೆ 2008ರಲ್ಲಿ ರೊಟೊಇಟಿಯೊಳಗೇ 1,275 ಮೀಟರ್ ಉದ್ದದ ಗೋಡೆ ಕಟ್ಟಿದರು. ಆ ನೀರೀಗ ನೇರವಾಗಿ ಕೈಟುನಾ ನದಿಗೆ ತಿರುಗುತ್ತದೆ.

• 2016ರ ಆಗಸ್ಟ್‌ನಲ್ಲಿ ಹ್ಯಾವ್‌ಲಾಕ್ ನಾರ್ತ್ ಪಟ್ಟಣದ ಸಾವಿರಾರು ಜನ ವಾಂತಿ-ಭೇದಿಯಿಂದ ಹಾಸಿಗೆ ಹಿಡಿದರು. ಜೋರು ಮಳೆಗೆ ಕೊಚ್ಚಿಬಂದ ಕುರಿ ಹಿಕ್ಕೆ ಕುಡಿಯುವ ನೀರಿನ ಕೊಳವೆಬಾವಿ ಸೇರಿತ್ತು. ದೇಶದ ಕುಡಿಯುವ ನೀರಿನ ಕಾನೂನೇ ಬದಲಾಗಲು ಈ ದುರಂತ ಕಾರಣವಾಯಿತು.

• ಬೇಸಿಗೆಯಲ್ಲಿ ಜನ ಈಜುವ ಜಾಗಗಳ ನೀರನ್ನು ಮಂಡಳಿಗಳು ನಿಯಮಿತವಾಗಿ ಪರೀಕ್ಷಿಸಿ ಫಲಿತಾಂಶವನ್ನು ಎಲ್ಲರ ಮುಂದಿಡುತ್ತವೆ. ಜೋರು ಮಳೆಯಾದರೆ ಎರಡು-ಮೂರು ದಿನ ನೀರಿಗಿಳಿಯಬೇಡಿ ಎಂಬ ಪಾಠ ಅಲ್ಲಿ ಮಕ್ಕಳಿಗೂ ಗೊತ್ತು.

• ಬೀದಿಯ ಮಳೆನೀರಿನ ಚರಂಡಿ ಬಹುತೇಕ ಕಡೆ ಶುದ್ಧೀಕರಣವಿಲ್ಲದೆ ನೇರ ಹೊಳೆಗೆ ಸೇರುತ್ತದೆ. ಕಾರು ತೊಳೆದ ಸೋಪುನೀರು ಮೀನಿನ ಬಾಯಿಗೇ ಹೋಗುತ್ತದೆಂದು ನೆನಪಿಸಲು ಚರಂಡಿ ಬಾಯಿಯ ಪಕ್ಕ ಮೀನಿನ ಚಿತ್ರ ಬಿಡಿಸುತ್ತಾರೆ.

• ದಕ್ಷಿಣ ಗೋಳಾರ್ಧದಲ್ಲಿ ಡಿಡಿಮೊ ಪಾಚಿ ಮೊದಲು ಕಂಡದ್ದು 2004ರಲ್ಲಿ, ಸೌತ್‌ಲೆಂಡ್‌ನ ನದಿಯಲ್ಲಿ. ಅದನ್ನು ಮತ್ತೊಂದು ನದಿಗೆ ಒಯ್ಯಲು ಒದ್ದೆ ಬೂಟಿನ ಒಂದು ಹನಿ ಸಾಕು. ಮೀನು ಹಿಡಿಯುವವರಿಗೆ, ದೋಣಿಯವರಿಗೆ ಕಲಿಸಿದ್ದು ಮೂರೇ ಮಾತು: ನೋಡಿ, ತೊಳೆಯಿರಿ, ಒಣಗಿಸಿ.

• ನಮ್ಮ ಅಂಗಳದ ಗೊರವಂಕ ನ್ಯೂಜಿಲೆಂಡ್‌ನಲ್ಲಿ ಉಪದ್ರವಿ! 1870ರ ದಶಕದಲ್ಲಿ ತಂದುಬಿಟ್ಟ ಈ ಹಕ್ಕಿ ಉತ್ತರ ದ್ವೀಪದಲ್ಲಿ ಹರಡಿ ಸ್ಥಳೀಯ ಹಕ್ಕಿಗಳ ಗೂಡಿಗೆ ಕೈಹಾಕಿದೆ. ಅಂದಕ್ಕೆಂದು ತಂದ ಹಿಮಾಲಯದ ಕಾಹಿಲಿ ಶುಂಠಿಯೂ ಕಾಡಿಗೆ ನುಗ್ಗಿ ಕಳೆಯಾಗಿದೆ.

• 2017ರ ಕಾನೂನು ವಾಂಗನುಯಿ ನದಿಯನ್ನು, ಬೆಟ್ಟದಿಂದ ಕಡಲವರೆಗೆ, ಕಾನೂನಾತ್ಮಕ ವ್ಯಕ್ತಿಯೆಂದು ಒಪ್ಪಿತು. ಮೂಲನಿವಾಸಿ ಮಾವೊರಿ ಜನರ ಶತಮಾನ ಮೀರಿದ ಹೋರಾಟಕ್ಕೆ ಸಿಕ್ಕ ಫಲವಿದು. ಆ ನದಿಯ ಬಗ್ಗೆ ತೀರ್ಮಾನ ಮಾಡುವಾಗ ಮಂಡಳಿಯೂ ಈ ಸ್ಥಾನಮಾನಕ್ಕೆ ತಲೆಬಾಗಬೇಕು.

• 1990ರ ದಶಕದಲ್ಲಿ ಹ್ಯಾಮಿಲ್ಟನ್ ನಗರದಲ್ಲಿ ಹುಟ್ಟಿದ ‘ಎನ್ವಿರೋಸ್ಕೂಲ್ಸ್’ ಕಾರ್ಯಕ್ರಮ ಮಂಡಳಿಗಳ ನೆರವಿನಿಂದ ಸಾವಿರಕ್ಕೂ ಹೆಚ್ಚು ಶಾಲೆ, ಶಿಶುವಿಹಾರಗಳನ್ನು ತಲುಪಿದೆ. ಏನು ಮಾಡಬೇಕೆಂದು ನಿರ್ಧರಿಸುವುದರಲ್ಲಿ ಮಕ್ಕಳ ಮಾತಿಗೇ ತೂಕ. ಹೊಳೆಯೋ, ತರಕಾರಿ ತೋಟವೋ, ಕಸವೋ, ಆಯ್ಕೆ ಅವರದು.

• ಹೊಳೆ ಪರೀಕ್ಷಿಸುವ ಸರಳ ಪೆಟ್ಟಿಗೆಯನ್ನು ವಿಜ್ಞಾನಿಗಳು ರೈತ ಸಂಘಟನೆಯ ಜೊತೆಗೂಡಿ ರೂಪಿಸಿದರು. ತಮ್ಮ ಜಮೀನಿನ ಹೊಳೆಯನ್ನು ರೈತರು ತಾವೇ ಅಳೆಯಲಿ ಎಂಬುದು ಉದ್ದೇಶ. ಮುಂದೆ ಅದು ಶಾಲೆಗಳಿಗೂ ಊರಿನ ತಂಡಗಳಿಗೂ ಹೋಯಿತು. ಅಧಿಕಾರಿ ಹೊಳೆಯ ಬಳಿ ಬರುವುದು ತಿಂಗಳಿಗೊಮ್ಮೆ. ದಂಡೆಯಲ್ಲಿ ಇರುವವರು ದಿನಾ ನೋಡುತ್ತಾರೆ. ನೋಡಿದ್ದನ್ನು ಅಳೆಯಲು ಅವರಿಗೆ ಕಲಿಸುವುದೇ ಯಾವ ಪರಿಸರ ಕಾನೂನಿಗಾದರೂ ಸಿಗಬಹುದಾದ ಗಟ್ಟಿ ಬೆಂಬಲ.