ನೀರಿನ ಕೊಳವೆ ತೋಟ ಹಾಯುವಾಗ

ಸಕಲೇಶಪುರ ಸೀಮೆಯ ಹಳ್ಳಗಳಿಂದ 24.01 ಟಿ.ಎಂ.ಸಿ. ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಕುಡಿಯುವ ನೀರಿಗಾಗಿ ಕೋಲಾರ, ಚಿಕ್ಕಬಳ್ಳಾಪುರದ ಜನ ಪಡುವ ಪಾಡು ನಮಗೆ ತಿಳಿಯದ್ದಲ್ಲ. ಆದರೆ ಇಂಥ ಕೊಳವೆಗಳು ಯಾರದೋ ಹಿಡುವಳಿಯನ್ನು ಹಾಯ್ದೇ ಹೋಗಬೇಕು. ಎರಡೆಕರೆ ತೋಟದವನು ತನ್ನ ಹಕ್ಕನ್ನು ಮೊದಲೇ ಅರಿತಿರುವುದು ಕ್ಷೇಮ.

ನೋಟಿಸು ಬಂದೊಡನೆ ಅದು ಯಾವ ಕಾಯಿದೆಯಡಿ ಎಂದು ನೋಡಬೇಕು. ಜಮೀನನ್ನೇ ಪಡೆಯುವುದು ಬೇರೆ, ಬಳಕೆಯ ಹಕ್ಕನ್ನಷ್ಟೇ ಪಡೆಯುವುದು ಬೇರೆ. 1962ರ ಕೇಂದ್ರ ಕೊಳವೆಮಾರ್ಗ ಕಾಯಿದೆಯಲ್ಲಿ ಒಡೆತನ ರೈತನಲ್ಲೇ ಉಳಿಯುತ್ತದೆ; ಬಳಕೆಯ ಹಕ್ಕಿಗೆ ಮಾರುಕಟ್ಟೆ ಬೆಲೆಯ ಶೇಕಡ 10ರಷ್ಟು ಹಣ, ನಷ್ಟಕ್ಕೆ ಪ್ರತ್ಯೇಕ ಪರಿಹಾರ. ಅದು ಪೆಟ್ರೋಲಿಯಂ ಮತ್ತು ಖನಿಜಗಳಿಗೆ ಮಾತ್ರ. ನೀರಿನ ಕೊಳವೆಗೂ ಇಂಥದೇ ಕಾಯಿದೆಯನ್ನು ಗುಜರಾತ್ 2000ದಲ್ಲಿ ಮಾಡಿತು. ಕೊಳವೆ ಮುಚ್ಚಿದ ಮೇಲೆ ಗದ್ದೆಯವನು ಮತ್ತೆ ನಾಟಿ ಮಾಡಬಹುದು. ನಮಗೆ ಹಾಗಲ್ಲ. 1962ರ ಕಾಯಿದೆಯಂತೆ ಆ ಪಟ್ಟಿಯಲ್ಲಿ ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ. ಅಡಿಕೆಯೂ ನೆರಳಿನ ಮರವೂ ಇಲ್ಲದ ಪಟ್ಟಿ ಪಹಣಿಯಲ್ಲಿ ನಮ್ಮದು, ಫಸಲಿನ ಲೆಕ್ಕದಲ್ಲಿ ಹೋದದ್ದೇ.

ಜಮೀನನ್ನೇ ಪಡೆಯುವುದಾದರೆ 2013ರ ಭೂಸ್ವಾಧೀನ ಕಾಯಿದೆ ಅನ್ವಯ. ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಮರಗಿಡಗಳ ಬೆಲೆಯನ್ನು ಕೃಷಿ, ತೋಟಗಾರಿಕೆ ಬಲ್ಲವರಿಂದ ಕಟ್ಟಿಸಲು ಅವಕಾಶವಿದೆ. ತೋಟ ಎರಡು ಹೋಳಾಗಿ ಉಳಿದ ಭಾಗಕ್ಕೆ ತಗಲುವ ನಷ್ಟವೂ ಪರಿಹಾರದ ಲೆಕ್ಕಕ್ಕೆ ಸೇರಬೇಕು. ಇದರ ಮೇಲೆ ಶೇಕಡ 100ರಷ್ಟು ಸಾಂತ್ವನ ಧನ.

ಹಣ ಕಡಿಮೆಯೆನಿಸಿದರೆ ‘ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆ’ ಎಂದು ಬರೆದೇ ಸಹಿ ಹಾಕತಕ್ಕದ್ದು. ಸುಮ್ಮನೆ ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚುತ್ತದೆ. ಐತೀರ್ಪಿನ ವೇಳೆ ಹಾಜರಿದ್ದವರಿಗೆ ಅರ್ಜಿಯ ಗಡುವು ಕೇವಲ ಆರು ವಾರ.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ತೀರಿಹೋದ ತಂದೆಯ ಹೆಸರಿನಲ್ಲೇ ಇರುವ ಖಾತೆಯನ್ನು ಈಗಲೇ ಬದಲಾಯಿಸಿಕೊಳ್ಳಿ. ಹಕ್ಕಿನ ತಕರಾರಿದ್ದರೆ ಹಣ ಕೈಗೆ ಬರುವುದಿಲ್ಲ. ಜಂಟಿ ಅಳತೆಯ ದಿನ ತೋಟದಲ್ಲೇ ಇದ್ದು ಅಡಿಕೆ ಮರ, ಕಾಫಿ ಗಿಡ, ಮೆಣಸಿನ ಬಳ್ಳಿ, ಪಂಪುಸೆಟ್ಟುಗಳನ್ನು ಎಣಿಸಿ ಮಹಜರಿಗೆ ಸೇರಿಸಿ, ಪ್ರತಿ ಪಡೆಯಿರಿ. ಕಡಿದುಹೋದ ಬಸಿಗಾಲುವೆಯನ್ನು ಮೊದಲಿನಂತೆ ಮಾಡಿಕೊಡುವ ಮಾತು ಬರಹದಲ್ಲಿರಲಿ. ನೀರು ನಿಂತರೆ ಉಳಿದ ಅಡಿಕೆಯೂ ಉಳಿಯದು. ಖಾಲಿ ಕಾಗದಕ್ಕೆ ಯಾರು ಹೇಳಿದರೂ ಸಹಿ ಬೇಡ. ಒಂದೇ ಸಾಲಿನ ಹಿಡುವಳಿದಾರರು ಒಟ್ಟಾಗಿ ಬಂದರೆ ಕಾಗದಪತ್ರ ನೋಡಿಕೊಡಲು ಸಂಘದ ಕಚೇರಿ ಸಿದ್ಧವಿದೆ.